ಒದ್ದೆ ಹೊಸ್ತಿಲು

ಮೆಸಿಡೋನಿಯದ ಒಂದು ಪುಟ್ಟ ಹಳ್ಳಿಯಲ್ಲಿ, ಊರು ಬಿಟ್ಟು ಹೋದವನ ಹೊಲ ಜಮೀನ್ದಾರನಿಗೆ ಸೇರುತ್ತಿತ್ತು. ಸ್ತೋಯಾಳ ಗಂಡ ದುಡಿಯಲು ಪರದೇಶಕ್ಕೆ ಹೋಗಿ ವರ್ಷಗಳಾಗಿದ್ದವು. ಜಮೀನ್ದಾರನ ಪಾರುಪತ್ಯಗಾರ ಕುದುರೆಯೇರಿ ಬಂದ.

“ಗಂಡ ಹೋದನಲ್ಲ, ಹೊಲ ಬಿಡಮ್ಮ.”

“ಹೋಗಿಲ್ಲ ದಣಿ, ಹೊರಟಿದ್ದಾನೆ ಅಷ್ಟೆ. ಹೊರಟವರ ಹಿಂದೆ ಹೊಸ್ತಿಲಿಗೆ ನೀರು ಸುರಿಯುವುದು ನಮ್ಮ ಪದ್ಧತಿ. ಅದು ಆರಿದ ಮೇಲೇ ಹೋದ ಲೆಕ್ಕ. ಮುಟ್ಟಿ ನೋಡಿ.”

ಮುಟ್ಟಿದ. ಒದ್ದೆಯಾಗಿತ್ತು. ಆರಲಿ ಎಂದು ಬಿಸಿಲಲ್ಲಿ ಕಾದು ಕೂತ. ಆರುವ ಹೊತ್ತಿಗೆ ಅವಳು ಮತ್ತೊಂದು ಬಿಂದಿಗೆ ತಂದು ಸುರಿದಳು.

“ದಿನಾ ಹೀಗೇ ಸುರೀತೀಯಾ?”

“ಅವನಿನ್ನೂ ಆ ತಿರುವು ದಾಟಿಲ್ಲ ಅನ್ನಿಸುತ್ತೆ ದಣಿ,” ಎಂದು ಅವಳು ದಾರಿ ನೋಡಿದಳು.

ಅವನು ಹೊಲದ ಮಾತೆತ್ತದೆ ಕುದುರೆ ಏರಿದ. “ನನ್ನ ಹಿಂದೆ ಸುರಿಯಲ್ವಾ?”

“ಅದು ವಾಪಸ್ ಬರಬೇಕಾದವರಿಗೆ ಮಾತ್ರ, ದಣಿ.”