ಮುದ್ದರಂಗನ ನಾಲ್ಕು ಗ್ರಾಫು

ಮಗ ಇಲ್ಲವಲ್ಲಾ ಅಂತ ಅಳುವವರನ್ನು ನೀವು ನೋಡಿದ್ದೀರಿ. ಮಗ ಇದ್ದಾನಲ್ಲಪ್ಪಾ ಅಂತ ಅಳುವವಳನ್ನು ನೋಡಬೇಕಾದರೆ ದಿಣ್ಣೆಪಾಳ್ಯದ ಚಿಕ್ಕೀರಮ್ಮನ ಮನೆಗೇ ಹೋಗಬೇಕು.

ಹನ್ನೆರಡು ವರ್ಷದಿಂದ ಹಾಲಿನ ಡೈರಿಯಲ್ಲಿ ಕ್ಯಾನು ತೊಳೆದೂ ತೊಳೆದೂ ಅವಳ ಬೆರಳು ನೆನೆಹಾಕಿದ ಹುಣಿಸೆಹಣ್ಣಿನ ಹಾಗಾಗಿದ್ದವು. ಬಗ್ಗಿದ ಸೊಂಟ ಏಳುತ್ತಿರಲಿಲ್ಲ. ಮಗ ಮುದ್ದರಂಗ ಆಳೇನೋ ಆರಡಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಅವನ ರೋಗ. ಪೇಟೆಯಲ್ಲಿ ಮೂರು ತಿಂಗಳು ಕಂಪ್ಯೂಟರ್ ಕಲಿತು ಬಂದಿದ್ದ. ಸಾಲು ಸಾಲಾಗಿ ಅಪ್ಪಣೆ ಬರೆದರೆ ಆ ಯಂತ್ರ ತಾನೇ ಗೆರೆ ಎಳೆಯುತ್ತದಂತೆ; ಆ ಅಪ್ಪಣೆಗೆ ಪ್ರೋಗ್ರಾಮು ಅನ್ನುತ್ತಾರಂತೆ.

ಡೈರಿ ಕಾರ್ಯದರ್ಶಿ ಪಾಲಾಕ್ಷಯ್ಯ ಒಂದು ದಿನ ಕರೆದ. "ನೋಡೋ, ಸೋಮವಾರ ಸಂಘದ ಸಭೆ. ಹಾಲು, ಜಿಡ್ಡು, ನೀರು, ಹಿಂಡಿ, ನಾಲ್ಕಕ್ಕೂ ನಾಲ್ಕು ಗ್ರಾಫು ಬೇಕು. ಒಂದೇ ಪ್ರೋಗ್ರಾಮಲ್ಲಿ ನಾಲ್ಕೂ ಬರಬೇಕು. ಬಂದರೆ ನೀನೇ ಖಾಯಂ ಗುಮಾಸ್ತ, ನಿಮ್ಮವ್ವ ಮನೇಲಿ ಕೂತು ಉಣ್ಣಲಿ. ಬರಲಿಲ್ಲವೋ, ನನ್ನ ಭಾವಮೈದ ಕಾಯ್ತಾ ಇದ್ದಾನೆ!"

"ಆಯ್ತು ಸಾರ್!" ಅಂದ. ಬರೆದ. ಬಂತು. ಏನು ಬಂತು? ಒಂದೇ ಹಾಳೆ! ಹಾಲಿನ ಗೆರೆಯ ಮೇಲೆ ಜಿಡ್ಡು, ಜಿಡ್ಡಿನ ಮೇಲೆ ನೀರು, ನೀರಿನ ಮೇಲೆ ಹಿಂಡಿ. ಬೆಕ್ಕು ಆಡಿದ ನೂಲಿನ ಉಂಡೆ!

"ಇದೇನೋ ಕತ್ತೆ?"

"ಒಂದರಲ್ಲೇ ನಾಲ್ಕೂ ಬರಲಿ ಅಂದಿರಲ್ಲ ಸಾರ್."

ಮನೆಗೆ ಬಂದ ಮೇಲೆ ಚಿಕ್ಕೀರಮ್ಮ ಹಣೆ ಚಚ್ಚಿಕೊಂಡಳು. "ಲೋ ಪೆದ್ದೇ, ಒಂದು ದೋಸೆ ಕಾವಲಿ ಮೇಲಿರುವಾಗಲೇ ಇನ್ನೊಂದು ಹುಯ್ತಾರೇನೋ? ಒಂದಾದ ಮೇಲೆ ಕಾವಲಿ ಒರೆಸಬೇಕು ಕಣೋ! ಒರೆಸಬೇಕು!"

"ಹಂಗೇ ಆಗಲಿ ಅವ್ವ!"

ಮಾರನೆಯ ದಿನ ಗೆರೆ ಎಳೆಸಿದ, ಒರೆಸಿದ, ಆಮೇಲೆ ಉಳಿಸಿಟ್ಟ. ಎಳೆಸಿದ, ಒರೆಸಿದ, ಉಳಿಸಿಟ್ಟ. ನಾಲ್ಕು ಹಾಳೆ ಬಂದವು. ನಾಲ್ಕೂ ಬಿಳಿ! ವಿಧವೆಯ ಸೀರೆಯ ಹಾಗೆ ಬಿಳಿ!

"ಗ್ರಾಫೆಲ್ಲೋ?" ಅಂತ ಪಾಲಾಕ್ಷಯ್ಯ ಕುಣಿದ.

"ಒರೆಸಿದೆ ಸಾರ್. ಚೆನ್ನಾಗಿ ಒರೆಸಿದೆ."

"ಅಯ್ಯೋ ನನ್ನ ಕರ್ಮವೇ!" ಅಂದಳು ಚಿಕ್ಕೀರಮ್ಮ. ಬೈಯುವುದಕ್ಕೂ ಅವಳಿಗೆ ತ್ರಾಣ ಇರಲಿಲ್ಲ. "ಬೆಂದ ದೋಸೆ ಮೊದಲು ತಟ್ಟೆಗೆ ತೆಗೆದಿಡು, ಆಮೇಲೆ ಕಾವಲಿ ಒರೆಸು. ಮೊದಲು ತೆಗೆದಿಡೋದು, ಆಮೇಲೆ ಒರೆಸೋದು. ಏನಂದೆ?"

"ಮೊದಲು ತೆಗೆದಿಡೋದು, ಆಮೇಲೆ ಒರೆಸೋದು."

ಆವತ್ತು ಗೆರೆ ಎಳೆಸಿದ, ತೆಗೆದಿಟ್ಟ, ಒರೆಸಿದ. ನಾಲ್ಕು ಸಲವೂ ತಪ್ಪಿಲ್ಲದೆ ಮಾಡಿದ. ಕೊನೆಗೆ ನೋಡಿದರೆ ಉಳಿದದ್ದು ಹಿಂಡಿಯದೊಂದೇ! ನಾಲ್ಕಕ್ಕೂ 'ಗ್ರಾಫು' ಅಂತ ಒಂದೇ ಹೆಸರಿಟ್ಟಿದ್ದ ಭೂಪ. ಎರಡನೆಯದು ಬಂದು ಮೊದಲನೆಯದನ್ನು ನುಂಗಿತು, ಮೂರನೆಯದು ಎರಡನೆಯದನ್ನು, ನಾಲ್ಕನೆಯದು ಮೂರನೆಯದನ್ನು.

"ನಾಳೆ ಸಭೆ ಕಣೋ!" ಅಂತ ಚಿಕ್ಕೀರಮ್ಮ ಕ್ಯಾನಿನ ಮೇಲೆಯೇ ಕುಸಿದು ಕೂತಳು. "ಒಂದೊಂದಕ್ಕೂ ಬೇರೆ ಬೇರೆ ಹೆಸರಿಡೋ ನನ್ನಪ್ಪಾ. ಯಾರು ನೋಡಿದರೂ ಇದು ಯಾರದು ಅಂತ ತಿಳಿಯೋ ಹಂಗಿರಲಿ."

"ಯಾರದು ಅಂತ ತಿಳೀಬೇಕಾ?"

"ಹೂಂ ಕಣೋ, ತಿಳೀಬೇಕು!" ಅಂದುಬಿಟ್ಟಳು ಪಾಪ, ಸುಸ್ತಿನಲ್ಲಿ.

ಸೋಮವಾರ ಡೈರಿ ಅಂಗಳದ ತುಂಬ ಜನ. ಗೋಡೆ ಮೇಲೆ ನಾಲ್ಕು ಗ್ರಾಫು, ನಾಲ್ಕೂ ಬೇರೆ ಬೇರೆ, ಒಂದಕ್ಕಿಂತ ಒಂದು ಚೆಂದ! ಚಿಕ್ಕೀರಮ್ಮನಿಗೆ ಹೋದ ಜೀವ ಬಂತು. ಅವಳಿಗೆ ಓದು ಬಾರದು. ಓದು ಬರುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಲಿನ ಗ್ರಾಫಿನ ನೆತ್ತಿಯಲ್ಲಿ 'ಪುಟ್ಟಗೌರಮ್ಮ' ಅಂತಿತ್ತು. ಊರಲ್ಲಿ ಹೆಚ್ಚು ಹಾಲು ಹಾಕುವವಳು ಅವಳೇ, ಸರಿ. ಜಿಡ್ಡಿಗೆ 'ಮೂಡ್ಲಯ್ಯನ ಎಮ್ಮೆ', ಅದೂ ಸರಿ. ಹಿಂಡಿಗೆ 'ಪಾಲಾಕ್ಷಯ್ಯನ ಭಾವಮೈದ'. ಸಂಘದ ಹಿಂಡಿ ಮೂಟೆ ಯಾರ ಹಿತ್ತಲಲ್ಲಿ ಇಳಿಯುತ್ತದೆ ಅಂತ ಊರಿಗೆಲ್ಲ ಗೊತ್ತು ಬಿಡಿ, ಬಾಯಿ ಬಿಟ್ಟು ಹೇಳಿದವರಿರಲಿಲ್ಲ ಅಷ್ಟೆ. ಇನ್ನು ನೀರಿನ ಗ್ರಾಫು! ಅದರ ಮೇಲೆ ಕುಂಬಳಕಾಯಿ ಗಾತ್ರದ ಅಕ್ಷರದಲ್ಲಿ 'ಅಧ್ಯಕ್ಷ ಶಿವರುದ್ರಯ್ಯ'!

"ಏನೋ ಇದು?" ಅಂತ ಅಧ್ಯಕ್ಷ ಎದ್ದ.

"ನಿಮ್ಮ ಹಾಲಿನದೇ ನೀರು ಸಾರ್," ಅಂದ ಮುದ್ದರಂಗ ವಿನಯದಿಂದ. "ದಿನಾ ಎಲ್ಲರಿಗಿಂತ ಹೆಚ್ಚು."

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಗಂಡಸರು ಅದನ್ನೂ ಮಾಡಲಿಲ್ಲ, ಹೋ ಅಂತ ನಕ್ಕರು. ಅಧ್ಯಕ್ಷ ಹೆಗಲ ಟವಲು ಕೊಡವಿಕೊಂಡು ನಡೆದೇಬಿಟ್ಟ.

"ಮೊದಲು ಅಧ್ಯಕ್ಷರ ಹೆಸರು ಒರೆಸೋ ಮುಂಡೇದೇ!" ಅಂತ ಪಾಲಾಕ್ಷಯ್ಯ ಅರಚಿದ.

ಬಾಗಿಲ ಪಕ್ಕದ ಕರಿಹಲಗೆಯಲ್ಲಿ ಸಂಘದ ಪದಾಧಿಕಾರಿಗಳ ಹೆಸರೆಲ್ಲ ಸೀಮೆಸುಣ್ಣದಲ್ಲಿ ಬರೆದಿತ್ತು. ಮುದ್ದರಂಗ ಒದ್ದೆ ಬಟ್ಟೆ ತಂದವನೇ ಎಲ್ಲಕ್ಕೂ ಮೇಲಿದ್ದ ಅಧ್ಯಕ್ಷರ ಹೆಸರನ್ನು ಪರಪರ ಒರೆಸಿಬಿಟ್ಟ. ಜನ ಶಿಳ್ಳೆ ಹೊಡೆದರು!

"ಅಲ್ಲಲ್ಲವೋ! ಇನ್ನು ನಿನ್ನ ಹೆಸರೂ ಒರೆಸು, ಒರೆಸಿ ಮನೆಗೆ ಹೋಗು!"

"ನನ್ನ ಹೆಸರು ಇಲ್ಲಿ ಇಲ್ಲವಲ್ಲ ಸಾರ್. ಇಲ್ಲದ್ದನ್ನು ಹೆಂಗೆ ಒರೆಸಲಿ?" ಅಂತ ಯೋಚಿಸಿ, ಸೀಮೆಸುಣ್ಣ ತಗೊಂಡು ಕೆಳಗೆ ದುಂಡಗೆ ಬರೆದ: ಗುಮಾಸ್ತ, ಮುದ್ದರಂಗ.

ಪುಟ್ಟಗೌರಮ್ಮ ಎದ್ದು ನಿಂತು ಕೂಗಿದಳು: "ಇರಲಿ ಬಿಡ್ರೋ ಆ ಹೆಸರು! ಇದ್ದದ್ದನ್ನು ಇದ್ದ ಹಾಗೆ ಬರೆಯೋ ಗುಮಾಸ್ತ ಇವನೊಬ್ಬನೇ!"

"ಇರಲಿ, ಇರಲಿ! ಅವನೇ ಖಾಯಂ!" ಅಂತ ಊರೆಲ್ಲ ಕೈಯೆತ್ತಿತು.

ಏನು ಬರೆದಿದ್ದಾನೆ ಅಂತ ಚಿಕ್ಕೀರಮ್ಮ ಪಕ್ಕದವಳನ್ನು ಕೇಳಿ ತಿಳಿದುಕೊಂಡಳು. ಹನ್ನೆರಡು ವರ್ಷದ ಮೇಲೆ ಅವಳ ಸೊಂಟ ಒಂದು ಗಳಿಗೆ ನೆಟ್ಟಗಾಯಿತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ತಲೆಯೆತ್ತಿ ನೋಡುತ್ತಾಳೆ, ಗುಮಾಸ್ತನ ಹೆಸರಿದ್ದ ಜಾಗ ಕಪ್ಪಗೆ, ಬೋಳು ಬೋಳು! ಮಗ ಬಟ್ಟೆ ಹಿಂಡುತ್ತ ನಿಂತಿದ್ದಾನೆ.

"ಒರೆಸಿಬಿಟ್ಟೆಯೇನೋ ಪಾಪಿ!"

"ಸಾರ್ ಒರೆಸು ಅಂದಿದ್ದರಲ್ಲ. ಹೆದರಬೇಡ ಅವ್ವ," ಅಂತ ಮುದ್ದರಂಗ ಜೇಬಿನಿಂದ ಮೊಬೈಲು ತೆಗೆದು, ತನ್ನ ಹೆಸರಿನ ಫೋಟೋ ತೋರಿಸಿ, ಹಲ್ಲು ಬಿಟ್ಟ. "ಮೊದಲು ತೆಗೆದಿಟ್ಟೇ ಒರೆಸಿದೀನಿ!"