ಕೈ ಮುಗಿದ ದೋಸೆ ಭಟ್ಟ

ತಿಪಟೂರು ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಗವಿಯಪ್ಪ ದೋಸೆ ಹುಯ್ಯುತ್ತಿದ್ದ. ದೋಸೆಯ ಬೆಲೆ ವರ್ಷವರ್ಷವೂ ಏರಿತು. ಅವನ ಸಂಬಳ ಮಾತ್ರ ಮಲಗಿದಲ್ಲಿಂದ ಏಳಲಿಲ್ಲ. ಒಂದು ಭಾನುವಾರ ಬೆಳಿಗ್ಗೆ, ಹೋಟೆಲು ಕಿಕ್ಕಿರಿದಿದ್ದಾಗ, ಸಂಬಳ ಹೆಚ್ಚಿಸಿ ಎಂದು ಮಾಲೀಕ ಪುಟ್ಟಸ್ವಾಮಯ್ಯನನ್ನು ಕೇಳಿದ.

ಮಾಲೀಕ ಗಲ್ಲಾದಲ್ಲಿ ಕೂತೇ ಗುಡುಗಿದ: "ಕೆಲಸ ಕೊಟ್ಟಿದೀನಲ್ಲೋ, ಮೊದಲು ಅದಕ್ಕೆ ಕೈ ಮುಗಿ!"

ಬೆವರು ಸುರಿಸಿ ದೋಸೆ ಹುಯ್ಯುವವನಿಗೆ ಆಡುವ ಮಾತೇ ಇದು? ಆದರೂ ಗವಿಯಪ್ಪ ಜಗಳಕ್ಕೆ ಹೋಗಲಿಲ್ಲ. ಸೌಟು ಕೆಳಗಿಟ್ಟ. ಎರಡೂ ಕೈ ಜೋಡಿಸಿ ಮಾಲೀಕನ ಕಡೆ ತಿರುಗಿ ನಿಂತುಬಿಟ್ಟ. ಹೆಂಚಿನ ಮೇಲಿನ ದೋಸೆ ಕರಕಲಾಯಿತು.

"ಎಲ್ರೀ ನಮ್ಮ ಮಸಾಲೆ?" ಗಿರಾಕಿಗಳು ಕೂಗಿದರು.

"ದೋಸೆ ಹುಯ್ಯೋ!" ಮಾಲೀಕ ಅರಚಿದ.

"ಹೆಂಗ್ ಹುಯ್ಯಲಿ ಯಜಮಾನ್ರೇ? ನೀವೇ ಕೈ ಮುಗಿ ಅಂದ್ರಿ. ಉಪಕಾರ ದೊಡ್ಡದಲ್ವಾ, ಎಷ್ಟು ಮುಗಿದರೂ ಮುಗೀತಾನೇ ಇಲ್ಲ."

ಇಡೀ ಹೋಟೆಲು ನಕ್ಕಿತು. ಕೆಲವರು ಎದ್ದು ಬೇರೆ ಹೋಟೆಲಿಗೆ ಹೊರಟರು. ಮಾಲೀಕ ಗಲ್ಲಾ ಬಿಟ್ಟು ಓಡಿಬಂದ.

"ಮಾರಾಯ, ನಾನೇ ನಿಂಗೆ ಕೈ ಮುಗೀತೀನಿ, ಸೌಟು ಹಿಡಿ!"

"ಮುಗಿಯೋದು ಬೇಡ ಯಜಮಾನ್ರೇ," ಎಂದ ಗವಿಯಪ್ಪ, "ಕೈ ಬಿಚ್ಚಿ."

ಎಲ್ಲರೆದುರು ಮಾಲೀಕ ಸಂಬಳ ಏರಿಸಿದ ಮೇಲೆಯೇ ಹೆಂಚಿಗೆ ಹಿಟ್ಟು ಬಿತ್ತು.