ಕಿಲುಬು ತೆಗೆದ ವರ್ತಕ

"ಬುದ್ಧೀ, ಮನಸ್ಸನ್ನು ದಿನವೂ ತಿಕ್ಕುತ್ತಿದ್ದೇನೆ. ಒಂದು ಕಲೆ ಹೋದರೆ ಅದರ ಕೆಳಗಿನ ಇನ್ನೊಂದು ಕಾಣುತ್ತದೆ. ಇನ್ನೂ ಎಷ್ಟು ತಿಕ್ಕಬೇಕು?" ಎಂದು ಮರುಳಸಿದ್ಧನೆಂಬ ಶಿಷ್ಯ ಮಠದ ಗುರುಗಳನ್ನು ಕೇಳಿದ.

ಮಠಕ್ಕೆ ಸೇರಿದ ಹೊಸತರಲ್ಲಿ ಅವನು ಎಲ್ಲರ ಜೊತೆ ದಾಸೋಹದಲ್ಲಿ ಬಡಿಸುತ್ತಿದ್ದ. ಅಲ್ಲಿಯ ಮಾತುಕತೆಯಿಂದ ಮನಸ್ಸು ಕದಡುತ್ತದೆಂದು ಬಡಿಸುವುದನ್ನು ಬಿಟ್ಟ. ಊರಿನಿಂದ ತನ್ನವರು ಕಾಣಲು ಬಂದರೂ ಕೋಣೆಯಿಂದ ಹೊರಗೆ ಬರುವುದನ್ನು ಬಿಟ್ಟ. ಗುರುಗಳಿಗೆ ಇದೆಲ್ಲ ಗೊತ್ತಿತ್ತು. ಅವರು ಕುಳಿತುಕೋ ಎಂದು ಕೈಸನ್ನೆ ಮಾಡಿ ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವರ್ತಕನಿದ್ದ. ತಾಮ್ರ, ಹಿತ್ತಾಳೆ, ಸ್ಟೀಲು ಎಲ್ಲ ಮಾರುತ್ತಿದ್ದ. ತೂಕದಲ್ಲಿ ಮೋಸವಿಲ್ಲ, ಮಾತಿನಲ್ಲಿ ಒರಟುತನವಿಲ್ಲ. ಮಕ್ಕಳಿರಲಿಲ್ಲ. ಹೆಂಡತಿಯ ಹೆಸರು ಶಿವಗಂಗಾ. ಆ ಮನೆಯಿಂದ ಜಗಳದ ಸದ್ದು ಬಂದದ್ದನ್ನು ನೆರೆಹೊರೆಯವರು ಕೇಳಿದವರಲ್ಲ.

ವರ್ತಕನಿಗೆ ಇದ್ದದ್ದು ಒಂದೇ ಹುಚ್ಚು, ಸಂಗೀತ. ಹಾಡಲು ಬರುತ್ತಿರಲಿಲ್ಲ, ಕೇಳಲು ಬರುತ್ತಿತ್ತು. ನಡುಮನೆಯಲ್ಲಿ ಒಂದು ಪ್ಲೇಯರು, ಒಂದು ಆಂಪ್ಲಿಫೈಯರು, ಆಳೆತ್ತರದ ಎರಡು ಸ್ಪೀಕರು ಇಟ್ಟಿದ್ದ. ಭಾನುವಾರ ಅಂಗಡಿಗೆ ರಜೆ. ಊಟವಾದ ಮೇಲೆ ಕುರ್ಚಿ ಎಳೆದುಕೊಂಡು ಕೂತರೆ ದೀಪ ಹಚ್ಚುವ ಹೊತ್ತಿಗೇ ಏಳುತ್ತಿದ್ದುದು. ಶಿವಗಂಗಾ ಕೂಡ ಪಕ್ಕದಲ್ಲಿ ಚಾಪೆ ಹಾಕಿಕೊಂಡು, ಮೊರದಲ್ಲಿ ಅಕ್ಕಿ ಆರಿಸುತ್ತ ಕೇಳುತ್ತಿದ್ದಳು. ರಾಗದ ಹೆಸರು ಅವಳಿಗೆ ತಿಳಿಯುತ್ತಿರಲಿಲ್ಲ. ಆದರೂ ಒಳ್ಳೆಯ ಜಾಗ ಬಂದಾಗ ಅವಳ ಕೈ ತಾನಾಗಿ ನಿಲ್ಲುತ್ತಿತ್ತು. ವರ್ತಕ ಅದನ್ನು ಗಮನಿಸಿ ಸಂತೋಷಪಡುತ್ತಿದ್ದ.

ಬರಬರುತ್ತ ಆ ಪೆಟ್ಟಿಗೆಗಳಿಂದ ಹಾಡಿನ ಜೊತೆ ಬೇರೆ ಸದ್ದೂ ಬರತೊಡಗಿತು. ಕೆಳಗೆಲ್ಲೋ ಗುಂಯ್ ಎನ್ನುವ ಮೊರೆತ, ನಡುನಡುವೆ ಚಟಚಟ. ಒಂದು ದಿನ ವರ್ತಕ ಪೆಟ್ಟಿಗೆಯ ಹಿಂದೆ ಕೈಹಾಕಿ ಒಂದು ವಯರನ್ನು ಕಿತ್ತು ನೋಡಿದ. ಪಿನ್ನಿನ ಮೇಲೆ ಕಪ್ಪು ಕಟ್ಟಿತ್ತು. ಸ್ಪೀಕರಿನ ತಾಮ್ರದ ಎಳೆಗಳಿಗೆ ಹಸಿರು ಹಿಡಿದಿತ್ತು. ಅವನಿಗೆ ನಗು ಬಂತು. ಹುಟ್ಟಿದಾಗಿನಿಂದ ಕಿಲುಬು ತಿಕ್ಕಿಕೊಂಡು ಬದುಕಿದವನ ಮನೆಯಲ್ಲೇ ಕಿಲುಬು!

ಸ್ಪಿರಿಟ್ಟು ತಂದ, ಮೆತ್ತನೆಯ ಬಟ್ಟೆ ತಂದ. ಒಂದೊಂದೇ ಪಿನ್ನು ಬಿಚ್ಚಿ ಒರೆಸಿದ. ವಯರು ಕೂಡುವ ಕೀಲುಗಳಿಗೆಂದೇ ಮಾರುವ ಒಂದು ಎಣ್ಣೆಯಂಥ ದ್ರವವಿತ್ತು. ಸಣ್ಣ ಸೀಸೆ, ಪಟ್ಟಣದಿಂದ ತರಿಸಬೇಕು. ಅದನ್ನು ತರಿಸಿ, ಕಡ್ಡಿಯ ತುದಿಯಿಂದ ತೆಳ್ಳಗೆ ಸವರಿ, ಎಲ್ಲವನ್ನೂ ಮತ್ತೆ ಜೋಡಿಸಿ ಹಾಡು ಹಚ್ಚಿದ.

ಮೊರೆತ ಅರ್ಧಕ್ಕರ್ಧ ಇಳಿದಿತ್ತು. ತಂಬೂರಿ ಬೇರೆಯಾಗಿ, ದನಿ ಬೇರೆಯಾಗಿ ಕೇಳಿದವು. ಹಾಡುವವಳು ಸ್ವರ ಹಿಡಿಯುವ ಮುನ್ನ ಎಳೆದುಕೊಂಡ ಉಸಿರೂ ಕೇಳಿಸಿತು.

"ಗಂಗಾ, ಉಸಿರು ಕೇಳ್ತಾ?"

"ಕೇಳ್ತು ನೋಡ್ರಿ. ಇಲ್ಲೇ ಕುಂತು ಹಾಡಿದಂಗ ಐತಿ."

ಅದು ನಿಜವಾಗಿತ್ತು. ಅವನು ಭ್ರಮೆಪಟ್ಟಿರಲಿಲ್ಲ. ಆ ದಿನ ಅವರಿಬ್ಬರೂ ಪಟ್ಟ ಸಂತೋಷದಲ್ಲಿ ಯಾವ ದೋಷವೂ ಇರಲಿಲ್ಲ.

ಆದರೆ ಕೊಳೆ ಕಣ್ಣಿಗೆ ಒಮ್ಮೆ ಬಿದ್ದರೆ ಕಣ್ಣು ಅದನ್ನೇ ಹುಡುಕುತ್ತದೆ. ಮೊರೆತ ಇಳಿದ ಮೇಲೆ ಅದರಡಿ ಅಡಗಿದ್ದ ಸಣ್ಣ ಸಿರ್ರೆನ್ನುವ ಸದ್ದು ಕೇಳಿಸಿತು. ವರ್ತಕ ಗೋಡೆಯ ಸಾಕೆಟ್ಟು ಬಿಚ್ಚಿದ. ಅದು ಹೋಯಿತು, ಇನ್ನೊಂದು ಬಂತು. ಸ್ವಿಚ್ಚಿನ ಬೋರ್ಡು ಬಿಚ್ಚಿದ. ಆಮೇಲೆ ಫ್ಯೂಜು, ಆಮೇಲೆ ಮೇನ್ ಸ್ವಿಚ್ಚು. ಪ್ರತಿ ಸಲವೂ ಧ್ವನಿ ಒಂದು ಕೂದಲೆಳೆಯಷ್ಟು ಸ್ವಚ್ಛವಾಗುತ್ತಿತ್ತು. ಮೊದಲು ಭಾನುವಾರಕ್ಕೊಮ್ಮೆ ಮಾಡುತ್ತಿದ್ದವನು ಈಗ ಅಂಗಡಿಯಿಂದ ಬಂದವನೇ ಕೈಕಾಲು ತೊಳೆಯದೆ ಕಡ್ಡಿ, ಬಟ್ಟೆ, ಸೀಸೆ ಹಿಡಿದು ಕೂರುತ್ತಿದ್ದ.

ಆ ಹೊತ್ತಿಗೆ ಶಿವಗಂಗಾಗೆ ಉಸಿರಿನ ರೋಗ ಬಂತು. ಅಂಗಡಿಯ ಹಿಂದೆ ಕಲಾಯಿ ಹಾಕಿಸುವಾಗಿನ ಹೊಗೆಯೋ, ಒಲೆಯ ಹೊಗೆಯೋ, ವೈದ್ಯರು ಹೇಳಲಿಲ್ಲ. ಶ್ವಾಸಕೋಶ ಗಟ್ಟಿಯಾಗುತ್ತಿದೆ, ಇನ್ನು ಮೊದಲಿನಂತಾಗುವುದಿಲ್ಲ ಎಂದಷ್ಟೇ ಹೇಳಿದರು. ಗಾಳಿಯಿಂದ ಆಮ್ಲಜನಕ ಹಿಡಿದುಕೊಡುವ ಒಂದು ಯಂತ್ರ ಬರೆದುಕೊಟ್ಟರು. ಕರೆಂಟು ಹೋದರೆ ಇರಲಿ ಎಂದು ಒಂದು ಸಿಲಿಂಡರನ್ನೂ ಇಡಿಸಿದರು. ವರ್ತಕ ಎರಡನ್ನೂ ಅಂದೇ ತಂದ. ಹಿಂದುಮುಂದು ನೋಡಲಿಲ್ಲ. ಒಳಗಿನ ಕೋಣೆಯಲ್ಲಿ ಅವಳ ಮಂಚದ ಪಕ್ಕ ಯಂತ್ರವಿಟ್ಟು, ಮೂಗಿಗೆ ಕೊಳವೆ ತೊಡಿಸುವುದನ್ನು ಕಲಿತ. ಹಗಲಲ್ಲಿ ನೋಡಿಕೊಳ್ಳಲು ಅವಳ ಅಕ್ಕ ಗುರುಬಸಮ್ಮ ಬರುತ್ತಿದ್ದಳು. ಭಾನುವಾರ ಮಾತ್ರ ಅವಳಿಗೆ ಬಿಡುವು.

ಬೋರ್ಡು ಬಿಚ್ಚಬೇಕಾದರೆ ಮನೆಯ ಕರೆಂಟು ತೆಗೆಯಬೇಕು. ಆಗ ಶಿವಗಂಗಾಳ ಕೊಳವೆಯನ್ನು ಸಿಲಿಂಡರಿಗೆ ಬದಲಾಯಿಸಬೇಕು. ಅದರ ತಿರುಪು ಬಿಗಿ, ಅವಳ ಕೈಗೆ ಬಗ್ಗುತ್ತಿರಲಿಲ್ಲ. ವರ್ತಕನೇ ತಿರುಗಿಸುತ್ತಿದ್ದ. ಮೊದಮೊದಲು, "ಸ್ವಲ್ಪ ಹೊತ್ತು ಕರೆಂಟು ತೆಗೀಲೇನು?" ಎಂದು ಕೇಳುತ್ತಿದ್ದ. ಆಮೇಲೆ, "ತೆಗೀತೀನಿ" ಎಂದು ಹೇಳುತ್ತಿದ್ದ. ಅವಳು ಎರಡಕ್ಕೂ ತಲೆಯಾಡಿಸುತ್ತಿದ್ದಳು.

ಕೊನೆಗೆ ಎಲ್ಲ ಕೀಲುಗಳೂ ಚೊಕ್ಕಟವಾದವು. ಆದರೂ ಒಂದು ಸದ್ದು ಉಳಿಯಿತು. ನಿಧಾನದ ಆಲಾಪದ ನಡುವೆ ಟಿಕ್ ಎನ್ನುವುದು, ಒಂದಿಷ್ಟು ಹೊತ್ತು ಬಿಟ್ಟು ಮತ್ತೆ ಟಿಕ್ ಎನ್ನುವುದು. ವರ್ತಕ ಎಲ್ಲ ಕಡೆ ಹುಡುಕಿದ. ಒಂದು ಸಲ ಒಳಗಿನ ಕೋಣೆಯ ಹೊಸಿಲ ಮೇಲೆ ನಿಂತು ಕಿವಿಗೊಟ್ಟ. ಹೆಂಡತಿಯ ಯಂತ್ರ ಒಳಗೆ ಗಾಳಿ ತಿರುಗಿಸಿದಾಗಲೆಲ್ಲ ಹೊರಗೆ ಸ್ಪೀಕರಿನಲ್ಲಿ ಟಿಕ್ ಎನ್ನುತ್ತಿತ್ತು. ಎರಡೂ ಒಂದೇ ಲೈನಿನ ಮೇಲಿದ್ದವು.

ಅವನು ಯಂತ್ರವನ್ನು ಬೈದುಕೊಳ್ಳಲಿಲ್ಲ. ಹೆಂಡತಿಗೆ ಕೆಟ್ಟದ್ದು ಬಯಸಲಿಲ್ಲ. ಎರಡನ್ನೂ ಬೇರೆ ಮಾಡಿದರಾಯಿತು ಎಂದುಕೊಂಡ, ಅಷ್ಟೇ. ಚೊಕ್ಕಟ ಮಾಡಿದ ಲೈನನ್ನು ಹಾಡಿಗೇ ಬಿಟ್ಟ. ಯಂತ್ರದ ಪ್ಲಗ್ಗನ್ನು ಮಂಚದ ಹಿಂದಿನ ಗೋಡೆಯಲ್ಲಿದ್ದ ಹಳೆಯ ಸಾಕೆಟ್ಟಿಗೆ ಹಾಕಿದ. ಅದು ಅವನ ತಂದೆಯ ಕಾಲದ್ದು, ಬೇರೆ ತಂತಿಯ ಮೇಲಿತ್ತು. ಪ್ಲಗ್ಗು ಅದರಲ್ಲಿ ಬಿಗಿಯಾಗಿ ಕೂರಲಿಲ್ಲ. ಸೀಸೆಯಲ್ಲಿ ದ್ರವ ತಳ ಕಂಡಿತ್ತು. ಸ್ಪೀಕರುಗಳಿಗೆ ಇನ್ನೊಂದು ಸಲ ಬೇಕಾದೀತು ಎಂದು ಅದನ್ನು ಎತ್ತಿಟ್ಟ. ಹಳೆಯ ಸಾಕೆಟ್ಟನ್ನು ಮುಂದೆ ಬದಲಾಯಿಸಿದರಾಯಿತು ಎಂದುಕೊಂಡ.

ಕೆಲ ದಿನಗಳ ಮೇಲೆ ಶಿವಗಂಗಾ ಹೇಳಿದಳು.

"ರೀ, ಈ ಪ್ಲಗ್ಗು ಮುಟ್ಟಿದ್ರ ಕೈ ಚುರ್ ಅಂತೈತಿ. ನೋಡ್ರಿ ಒಂದೀಟು."

"ನೋಡ್ತೀನಿ. ಈ ಭಾನುವಾರ ಒಂದು ಕಳೀಲಿ."

ಆ ಭಾನುವಾರ ಬಂತು. ಗುರುಬಸಮ್ಮ ತನ್ನ ಮನೆಯಲ್ಲಿದ್ದಳು. ವರ್ತಕ ತಾನೇ ಗಂಜಿ ಕಾಯಿಸಿ ಹೆಂಡತಿಗೆ ಕುಡಿಸಿದ. ಬಾಯಿ ಒರೆಸಿದ. ಕುಡಿಯಲು ನೀರನ್ನು ಸ್ಟೀಲಿನ ಲೋಟದಲ್ಲಿ ಕೈಗೆಟಕುವಂತೆ ಇಟ್ಟ. ಹೊರಗೆ ಬಂದು ಹಾಡು ಹಚ್ಚಿದ. ಟಿಕ್ ಎನ್ನುವುದು ಹೋಗಿತ್ತು. ಆದರೆ ಒಳಗಿನಿಂದ ಯಂತ್ರ ಓಡುವ ಸದ್ದು ಬಾಗಿಲಲ್ಲಿ ಹಾದು ಬರುತ್ತಿತ್ತು. ಅವನು ಬಾಗಿಲ ಬಳಿ ಹೋಗಿ ನಿಂತ. ಕದದ ಮೇಲೆ ಕೈಯಿಟ್ಟ. ಶಿವಗಂಗಾಗೆ ಅವನ ಮುಖ ನೋಡಿಯೇ ತಿಳಿಯಿತು.

"ಬಾಗಲಾ ಹಾಕ್ಕೊಂಡು ಕೇಳ್ರಿ. ನಂಗೇನಾಗೂದಿಲ್ಲ. ನಾ ಮಲಗ್ತೀನಿ."

ಅವನು ಬಾಗಿಲು ಹಾಕಿದ. ಕೆಳಗಿನ ಸಂದಿಗೆ ಹಳೆಯ ಕಂಬಳಿ ಮಡಿಸಿ ತುರುಕಿದ. ಬಂದು ಕುರ್ಚಿಯಲ್ಲಿ ಕೂತ.

ಮುಲ್ತಾನಿ ರಾಗ. ವಯಸ್ಸಾದ ಗಾಯಕಿಯ ದನಿ. ಇಷ್ಟು ವರ್ಷಗಳಲ್ಲಿ ಅವನು ಅಂಥದನ್ನು ಕೇಳಿರಲಿಲ್ಲ. ಅವಳು ತುಟಿ ಒದ್ದೆ ಮಾಡಿಕೊಂಡದ್ದು ಕೇಳಿಸಿತು. ಹಿಂದೆ ತಂಬೂರಿ ಹಿಡಿದವಳ ಬಳೆ ಸರಿದದ್ದು ಕೇಳಿಸಿತು. ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ ಏನೂ ಇರಲಿಲ್ಲ. ಆ ಏನೂ ಇಲ್ಲದ ಜಾಗಕ್ಕಾಗಿಯೇ ಅವನು ಇಷ್ಟು ದಿನ ದುಡಿದಿದ್ದ. ಅವನ ಕಣ್ಣಲ್ಲಿ ನೀರು ಬಂತು. ಅದು ಸುಳ್ಳು ನೀರಲ್ಲ.

ಆಗ ಟಕ್ ಎಂದಿತು.

ಅವನು ಕಣ್ಣು ತೆರೆದ. ಮತ್ತೆ ಟಕ್, ಟಕ್. ಲೋಹಕ್ಕೆ ಲೋಹ ತಾಗಿದಂಥ ಸದ್ದು. ಸಣ್ಣದಾಗಿತ್ತು, ದೂರದಲ್ಲಿತ್ತು. ಆದರೆ ಅವನ ಕಿವಿ ಈಗ ಎಂಥ ಸಣ್ಣದನ್ನೂ ಬಿಡುತ್ತಿರಲಿಲ್ಲ. ಎಲ್ಲೋ ಒಂದು ಕೀಲು ಉಳಿದುಬಿಟ್ಟಿದೆ ಎಂದುಕೊಂಡ. ಎದ್ದು ಆಂಪ್ಲಿಫೈಯರಿನ ಹಿಂದೆ ಬಗ್ಗಿದ. ಒಂದೊಂದು ಪಿನ್ನನ್ನೂ ಒತ್ತಿ ನೋಡಿದ. ಟಕ್ ನಿಲ್ಲಲಿಲ್ಲ. ಸೀಸೆಯನ್ನು ಓರೆ ಮಾಡಿ, ತಳದಲ್ಲಿದ್ದ ದ್ರವವನ್ನು ಕಡ್ಡಿಗೆ ತೆಗೆದುಕೊಂಡು, ಎಡಗಡೆಯ ಸ್ಪೀಕರಿನ ಕೀಲಿಗೆ ಸವರಿ ತಿರುಪು ಬಿಗಿ ಮಾಡಿದ. ಇನ್ನೂ ಒಂದು ಸಲ ಟಕ್ ಎಂದಿತು. ಮತ್ತೆ ಬರಲಿಲ್ಲ.

ಅವನು ಕಾದು ನೋಡಿದ. ಬರಲಿಲ್ಲ. ಕೊನೆಗೂ ಸಿಕ್ಕಿತು ಎಂದು ಕೈ ಒರೆಸಿಕೊಂಡು, ಕುರ್ಚಿಗೆ ಮರಳಿ, ರಾಗ ಮುಗಿಯುವವರೆಗೂ ಕೇಳಿದ.

ಬಾಗಿಲು ತೆಗೆದಾಗ ಮೊದಲು ಬಂದದ್ದು ಸುಟ್ಟ ವಾಸನೆ. ಹಳೆಯ ಸಾಕೆಟ್ಟು ಕರಗಿ ಗೋಡೆಯ ಮೇಲೆ ಕಪ್ಪಗೆ ಇಳಿದಿತ್ತು. ಯಂತ್ರ ನಿಂತುಹೋಗಿತ್ತು. ಕರೆಂಟು ಹೋಯಿತೆಂದು ಅದರಲ್ಲಿದ್ದ ಗಂಟೆ ಬಾಗಿಲಾಚೆ ಕೇಳದಷ್ಟು ಸಣ್ಣಗೆ ಕೂಗುತ್ತಲೇ ಇತ್ತು. ಶಿವಗಂಗಾ ಅರ್ಧ ಮಂಚದ ಮೇಲೆ, ಅರ್ಧ ನೆಲದ ಮೇಲೆ ಇದ್ದಳು. ಅವಳ ಒಂದು ಕೈ ಸಿಲಿಂಡರಿನ ತಿರುಪಿನ ಮೇಲಿತ್ತು. ಇನ್ನೊಂದು ಕೈಯಲ್ಲಿ ಸ್ಟೀಲಿನ ಲೋಟವಿತ್ತು. ಲೋಟದ ಅಂಚು ನೆಗ್ಗಿತ್ತು. ಮಂಚದ ಕಬ್ಬಿಣದ ಕಾಲಿನ ಮೇಲೆ ಬಣ್ಣ ಎದ್ದ ಗುರುತುಗಳಿದ್ದವು.

ವರ್ತಕ ತಿರುಪು ತಿರುಗಿಸಿದ. ಗಾಳಿ ಬುಸ್ಸೆಂದು ಬಂತು. ಕೊಳವೆಯನ್ನು ಅವಳ ಮೂಗಿಗೆ ಹಿಡಿದು, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಸಿಲಿಂಡರು ಬರಿದಾಗುವವರೆಗೂ ಕೂತ.

ಸುದ್ದಿ ತಿಳಿದು ಬಂದವರೆಲ್ಲ ಸಮಾಧಾನ ಹೇಳಿದರು. ಹಳೆಯ ಮನೆ, ಹಳೆಯ ತಂತಿ, ಯಾರೇನು ಮಾಡಲಾಗುತ್ತದೆ ಎಂದರು. ಅವಳ ಋಣ ಅಷ್ಟೇ ಇತ್ತು ಎಂದರು. ಎಷ್ಟು ಚೆನ್ನಾಗಿ ನೋಡಿಕೊಂಡೆಯಪ್ಪಾ ಎಂದೂ ಅಂದರು. ವರ್ತಕ ಯಾರ ಮಾತನ್ನೂ ಅಲ್ಲಗಳೆಯಲಿಲ್ಲ. ಗುರುಬಸಮ್ಮ ಮಾತ್ರ ತಂಗಿಯ ಕೈಯಿಂದ ಲೋಟ ಬಿಡಿಸಿಕೊಂಡು, ತಿರುಗಿಸಿ ನೋಡಿ, ಅವನ ಮುಂದೆ ಬಂದು ನಿಂತಳು.

"ಇಷ್ಟು ಬಡದಾಳ. ನಿಮಗ ಕೇಳಲಿಲ್ಲೇನ್ರಿ?"

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಕೇಳ್ತು. ಎಲ್ಲೋ ಕಿಲುಬು ಉಳದೈತಿ ಅಂದ್ಕೊಂಡೆ."

ಗುರುಬಸಮ್ಮನಿಗೆ ಆ ಮಾತು ಅರ್ಥವಾಗಲಿಲ್ಲ. ದುಃಖದಲ್ಲಿ ತಲೆ ಕೆಟ್ಟಿದೆ ಎಂದುಕೊಂಡಳು. ಆಮೇಲೆ ನಡುಮನೆಯಲ್ಲಿ ಪೆಟ್ಟಿಗೆಯ ಹಿಂದೆ ಬಿದ್ದಿದ್ದ ಕಡ್ಡಿಯನ್ನೂ ಬರಿದಾದ ಸೀಸೆಯನ್ನೂ ನೋಡಿದಳು. ಆಗ ಅರ್ಥವಾಯಿತು. ಮಣ್ಣು ಮಾಡಿ ಬಂದ ಮೇಲೆ ಅವಳು ಆ ಮನೆಯಲ್ಲಿ ನೀರೂ ಮುಟ್ಟಲಿಲ್ಲ. ಆ ಬೀದಿಯಲ್ಲಿ ಮತ್ತೆ ಕಾಲಿಡಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮರುಳಸಿದ್ಧನಿಗೆ ಆ ವರ್ತಕನ ಮೇಲೆ ಸಿಟ್ಟೂ ಬಂದಿತ್ತು, ಕನಿಕರವೂ ಬಂದಿತ್ತು. ಕತೆ ಅಷ್ಟಕ್ಕೇ ಮುಗಿಯುವುದು ಅವನಿಗೆ ಬೇಡವಾಗಿತ್ತು.

"ಬುದ್ಧೀ, ಆಮೇಲೆ ಅವನು ಆ ಪೆಟ್ಟಿಗೆಗಳನ್ನು ಒಡೆದು ಹಾಕಿರಬೇಕು. ಮತ್ತೆಂದೂ ಹಾಡು ಕೇಳಿರಲಾರ."

ಗುರುಗಳು ಎದ್ದು ನಿಂತು ಹೇಳಿದರು:

"ಕೇಳುತ್ತಾನೆ, ಈಗಲೂ ಪ್ರತಿ ಭಾನುವಾರ ಕೇಳುತ್ತಾನೆ, ಧ್ವನಿ ಬಹಳ ಸ್ವಚ್ಛವಾಗಿದೆ."